ಸಂತೆಯಲ್ಲಿ ಸಿಕ್ಕ ಮೆಂತೆಪಲ್ಲೆ

ಗೆಳೆಯರೇ, ಇವತ್ತು ರೋಣದ ಸಂತೆಯಲ್ಲಿ ಆದದ್ದನ್ನು ಹೇಳದೆ ಇರಲಾರೆ.

ಬೆಳಿಗ್ಗೆ ಡಾಕ್ಟರು ನನ್ನ ರಕ್ತದ ವರದಿ ನೋಡಿ ನಕ್ಕರು. "ಮೈಯಾಗಿನ ಉರಿಯೂತ ಭಾಳ ಇಳದೈತ್ರಿ. ಸಕ್ರಿ, ಬಿಪಿನೂ ಹತೋಟಿಗೆ ಬಂದಾವ. ಜ್ವಾಳದ ರೊಟ್ಟಿ, ಹೆಸರುಕಾಳು, ತಪ್ಪಲಪಲ್ಲೆ ಹಿಂಗ ನಡಸ್ರಿ." ಹೊಟ್ಟೆಯ ಬೊಜ್ಜು ಕರಗಿ ಮುಖವೂ ಸಣ್ಣಗಾಗಿತ್ತು. ಖುಷಿಯಲ್ಲೇ ಸಂತೆಗೆ ಹೋದೆ.

ಸೊಪ್ಪು-ಪಲ್ಲೆ ಮಾರುವ ಹನಮವ್ವಜ್ಜಿ ನನ್ನನ್ನು ನೋಡಿದ್ದೇ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಬರ್ರಿ ಸಾವ್ಕಾರ್ರ, ಭಾಳ ದಿನಕ್ಕ ಬಂದ್ರಿ" ಎಂದಳು. ಅವಳು ಹಾಗೆ ಕರೆಯುತ್ತಿದ್ದದ್ದು ನನ್ನ ಅಪ್ಪನನ್ನು. ಸಣಕಲು ಮೈಯ ಅಪ್ಪ ತೀರಿಹೋಗಿ ಇಪ್ಪತ್ತು ವರ್ಷವಾಯಿತು.

"ಅಜ್ಜೀ, ನಾನು..." ಎನ್ನುವಷ್ಟರಲ್ಲಿ ನನ್ನ ಚೀಲಕ್ಕೆ ಮೆಂತೆಪಲ್ಲೆಯ ಕಟ್ಟು ತುರುಕಿದಳು. "ನಿಮ್ಮ ಮಗ ಭಾಳ ಊದ್ಯಾನ್ರಿ. ಅವಗ ಇದನ್ನ ತಿನ್ನಸ್ರಿ. ಇಷ್ಟ ಲಗೂ ನಿಮ್ಮ ಕಡೆ ಕರಕೋಬ್ಯಾಡ್ರಿ."

ಮಟಮಟ ಮಧ್ಯಾಹ್ನದಲ್ಲಿ ನನ್ನ ಬೆನ್ನು ತಣ್ಣಗಾಯಿತು. "ಹೂಂ" ಎಂದೆ. ಆ ದನಿ ನನ್ನದು ಅನ್ನಿಸಲಿಲ್ಲ.

ಈಗ ಅದೇ ಪಲ್ಲೆ ಒಲೆಯ ಮೇಲೆ ಬೇಯುತ್ತಿದೆ. ಡಾಕ್ಟರ ಮಾತನ್ನಾದರೂ ಒಂದೊಂದು ದಿನ ಮೀರಬಹುದು. ಅಜ್ಜಿ ಸತ್ತ ಅಪ್ಪನ ಕೈಲಿ ಕೊಟ್ಟು ಕಳಿಸಿದ್ದನ್ನು ಬೇಡ ಎನ್ನುವುದು ಹೇಗೆ?