ಎಳೆದು ನಿಲ್ಲಿಸಿದ ಕಂಬ

ಮೊನ್ನೆ ಮಧುಗಿರಿಯ ನಮ್ಮ ಮನೆ ಮುಂದೆ ಕೆರೆಗೋಡು ಮಣ್ಣು ತುಂಬಿದ ಟ್ರ್ಯಾಕ್ಟರ್ ಹಾದುಹೋಯಿತು. ಹಸಿ ಜೇಡಿಯ ವಾಸನೆ ಮೂಗಿಗೆ ಬಡಿದದ್ದೇ ಕಾಫಿ ಸೇರಲಿಲ್ಲ. ಮೇಸ್ತ್ರಿ ನೆನಪಾದರು...

ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿರಾ ಕಡೆ ಒಂದು ಹಳ್ಳಕ್ಕೆ ಸೇತುವೆ ಕಟ್ಟಿಸುತ್ತಿದ್ದೆ. ನಾನು ಎಂಜಿನಿಯರು, ಓದಿದ ಜಂಬ ಇನ್ನೂ ಇಳಿದಿರಲಿಲ್ಲ. ಅಲ್ಲಿನ ಮೇಸ್ತ್ರಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹಳ್ಳದ ಜೇಡಿ ಬೆಣ್ಣೆಯಷ್ಟು ಮೆತ್ತಗೆ. ಅದಕ್ಕೇ ಸೇತುವೆಯ ಪ್ರತಿ ಕಾಲಿನ ಕೆಳಗೂ ನಾಲ್ಕು ನಾಲ್ಕು ಕಾಂಕ್ರೀಟ್ ಕಂಬಗಳನ್ನು ಗಟ್ಟಿ ನೆಲ ಸಿಗುವ ತನಕ ಬಡಿದು ಇಳಿಸಿದ್ದೆವು. ಅವುಗಳ ತಲೆ ಸೇರಿಸಿ ಕಾಂಕ್ರೀಟ್ ಸುರಿಯಲು ಸುತ್ತ ಗುಂಡಿ ತೆಗೆಯಬೇಕಿತ್ತು. "ಒಂದೇ ಮಗ್ಗುಲಾಗೆ ಗುಂಡಿ ತೆಗಿಬ್ಯಾಡಿ ಸಾರ್, ಜೇಡಿ ನುಗ್ತದೆ" ಅಂದಿದ್ದರು ಮೇಸ್ತ್ರಿ. ನನಗೆ ಅವಸರ, ತೆಗೆಸಿದೆ. ಜೇಡಿ ಜಾರಿತು, ಒಂದು ಕಂಬ ಗೇಣುದ್ದ ವಾಲಿತು. ಮರುದಿನವೇ ದೊಡ್ಡ ಸಾಹೇಬರ ತಪಾಸಣೆ.

"ವಾಲಿದ್ದು ವಾಲ್ದಂಗೇ ಇರ್ಲಿ ಬುಡಿ. ಇದ್ದಿದ್ದು ಇದ್ದಂಗೆ ಸಾಹೇಬ್ರಿಗೆ ಹೇಳಿ, ಪಕ್ಕದಾಗೆ ಇನ್ನೊಂದು ಇಳ್ಸಾನ. ಎಳುದ್ರೆ ಮ್ಯಾಲೆ ನೆಟ್ಟಗಾಯ್ತದೆ, ಒಳಗೆ ಮುರಿತದೆ. ವಾಲಿದ್ದು ಅಷ್ಟೋ ಇಷ್ಟೋ ಭಾರ ಹೊರ್ತದೆ, ಮುರುದಿದ್ದು ಏನು ಹೊರ್ತದೆ?" ಎಂದರು ಮೇಸ್ತ್ರಿ.

ನಾನು ಸರಪಳಿ ಕಟ್ಟಿಸಿ ಜೆಸಿಬಿಯಿಂದ ಎಳೆಸಿದೆ. ಸಾಧು ಹಸುವಿನ ಹಾಗೆ ಬಂದು ನೆಟ್ಟಗೆ ನಿಂತಿತು. ಮೇಸ್ತ್ರಿ ಗುಂಡಿಗಿಳಿದು ನಾಲ್ಕಕ್ಕೂ ಸುತ್ತಿಗೆ ಬಡಿದು ಕಿವಿಯಿಟ್ಟರು. ಮೂರರ ಸದ್ದು ಒಂದೇ ಥರ, ಎಳೆದದ್ದರ ಸದ್ದು ಮಾತ್ರ ಬೇರೆ.

"ಹೋಯ್ತು ಸಾರ್."

ನನಗೂ ಕೇಳಿಸಿತ್ತು. ಆದರೂ "ಮೊದಲು ನಿಮ್ಮ ಕಿವಿ ರಿಪೇರಿ ಮಾಡಿಸಿ" ಎಂದು ಎಲ್ಲರೆದುರು ಗೇಲಿ ಮಾಡಿದೆ. ಕೆಲಸದವರು ನಕ್ಕರು. ಮೇಸ್ತ್ರಿ ಕೈ ತೊಳೆದುಕೊಂಡು ಹೊರಟರು, ಮತ್ತೆ ಬರಲಿಲ್ಲ. ಸಾಹೇಬರು ನೋಡಿ ಶಹಬಾಸ್ ಅಂದರು. ನಾಲ್ಕೂ ನೆಟ್ಟಗಿವೆ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ, ಮೇಲೆ ಕಾಂಕ್ರೀಟ್ ಸುರಿದದ್ದೂ ಆಯಿತು. ಅಲ್ಲಿಂದ ಅತ್ತ ದರಿ, ಇತ್ತ ಪುಲಿ. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ನಿದ್ದೆ. ಒಂದು ವಾರ ಕಳೆಯಲಿ ಅಂದುಕೊಂಡೆ, ಬಡ್ತಿ ಬರಲಿ ಅಂದುಕೊಂಡೆ... ಸೇತುವೆ ಬಿದ್ದಿಲ್ಲ. ಉಳಿದ ಮೂರು ಕಂಬಗಳೇ ಅದರ ಪಾಲನ್ನೂ ಹೊತ್ತಿರಬೇಕು.

ಮೊನ್ನೆ ಆ ವಾಸನೆ ಬಡಿದ ಮೇಲೆ ತಡೆಯಲಾಗದೆ ಮೇಸ್ತ್ರಿಯ ಊರಿಗೆ ಹೋದೆ. ತಪ್ಪಾಯಿತು ಎನ್ನಬೇಕೆಂದಿದ್ದೆ. ಅವರು ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಹೆಂಡತಿ ಚಾಪೆ ಹಾಸಿ, ಬೇಯಿಸಿದ ಕಡ್ಲೆಕಾಯಿ ಮುಂದಿಟ್ಟರು.

"ಆ ಬ್ರಿಡ್ಜ್ ಬಂದ್ರೆ ಬಸ್ಸಿಂದ ಇಳುದ್ಬುಡೋರು ಸಾರ್. ಹಳ್ಳದಾಗೆ ನಡ್ಕಂಡು ಆಚೆ ದಡುಕ್ ಬರೋರು. ನನ್ನೂ ಇಳ್ಸೋರು. ಯಾಕೆ ಅಂದ್ರೆ ಬಾಯೇ ಬಿಡ್ತಿರ್ಲಿಲ್ಲ."

ಎಲ್ಲರೆದುರು ನಾನು ಯಾರ ಮಾನ ಕಳೆದಿದ್ದೆನೋ ಆ ಮೇಸ್ತ್ರಿ ನನ್ನ ಮಾನವನ್ನು ಹೆಂಡತಿಯ ಎದುರೂ ಕಾಪಾಡಿದ್ದರು.

"ಈಗ ನಂಗೆ ಮಂಡಿ ನೋವು, ಇಳುದು ನಡಿಯಾಕಾಗಲ್ಲ. ಕಟ್ಸಿದೋರು ನೀವೇ ಅಲ್ವಾ ಸಾರ್... ಬಸ್ಸಾಗೇ ಕುಂತು ಹೋಗ್ಬೋದಾ?"

"ಹೋಗಿ ತಾಯಿ, ಏನೂ ಆಗಲ್ಲ" ಅಂದೆ. ಈ ಸಲ ಬೇಡ ಅನ್ನಲು ಮೇಸ್ತ್ರಿ ಇರಲಿಲ್ಲ.

ಆಕೆ ನೆಮ್ಮದಿಯಿಂದ ನಕ್ಕರು. ನಾನು ಮಾತ್ರ, ಬಂದ ಹಾಗೆಯೇ, ಸೇತುವೆ ತಪ್ಪಿಸಿ ಸುತ್ತಿನ ದಾರಿಯಲ್ಲಿ ಮಧುಗಿರಿಗೆ ಹೊರಟೆ.