ರೋಗವೆಂದು ಹೇಳಿದ ಶಬ್ದ

ಮೆಡಿಕಲ್ ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ಎರಡನೆಯ ಸಲವೂ ಫೇಲಾದ ಮೇಲೆ ನಾನು ತರಗತಿಗೆ ಹೋಗುವುದನ್ನು ಬಿಟ್ಟೆ. ಕಾಪುವಿನ ಮನೆಯಲ್ಲಿ ಹೇಳಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು. ಮಣಿಪಾಲದ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಜೊತೆಯವರು ಬಿಳಿಕೋಟು ತೋಳಿಗೆ ಹಾಕಿಕೊಂಡು ಹೊರಟರೆ ಸಂಜೆಯವರೆಗೆ ನನ್ನೊಡನೆ ಮಾತಾಡುವವರಿಲ್ಲ. ಹೋಟೆಲಿನಲ್ಲಿ ಬಡಿಸುವವನು "ಅನ್ನ ಬೇಕಾ?" ಎಂದು ಕೇಳಿದರೆ ಅದೇ ಆ ದಿನದ ಸಂಭಾಷಣೆ.

ಅಂಗಾಂಗಗಳ ಹೆಸರು ಅರ್ಥವಾಗಲೆಂದು ಮೊದಲು ಕೊಂಡಿದ್ದ ಲ್ಯಾಟಿನ್ ವ್ಯಾಕರಣವೊಂದು ನನ್ನಲ್ಲಿತ್ತು. ಉಳಿದ ಪುಸ್ತಕ ಮುಟ್ಟಲು ಭಯ, ಅದನ್ನೇ ಓದುತ್ತಿದ್ದೆ. ಅದರಲ್ಲಿ ಸಿಕ್ಕಿದ ಶಬ್ದ 'ಸ್ತುಲ್ತಿತಿಯ'. 'ಸ್ತುಲ್ತುಸ್' ಎಂದರೆ ಮೂರ್ಖ. ಪ್ರತ್ಯಯ ಸೇರಿದರೆ ಮೂರ್ಖತನ. ಸ್ತ್ರೀಲಿಂಗ, ಭಾವನಾಮ, ಬಹುವಚನದ ಬಳಕೆ ಅಪರೂಪ. ಕೊನೆಯದನ್ನು ನಂಬಲು ನನಗೆ ಕಷ್ಟವಾಯಿತು.

ಅಪ್ಪ ಹೈಸ್ಕೂಲಿನ ಸಂಸ್ಕೃತ ಪಂಡಿತರು. ಭಾನುವಾರ ಮನೆಗೆ ಹೋದರೆ ಜಗಲಿಯಲ್ಲಿ ಕೂರಿಸಿ, "ಈ ವಾರ ಎಂತ ಕಲಿತೆ?" ಎಂದು ಕೇಳುವರು. ಒಂದು ಭಾನುವಾರ ಬೇರೇನೂ ತೋಚದೆ ಆ ಶಬ್ದದ ವಿಭಕ್ತಿಗಳನ್ನು ಒಪ್ಪಿಸಿದೆ.

"ದ್ವಿತೀಯೆಗೆ ಅಮ್! ನಮ್ಮ ಸಂಸ್ಕೃತದ ಹಾಗೆಯೇ ಅಲ್ವಾ!" ಅಪ್ಪ ತೊಡೆ ತಟ್ಟಿದರು. ತಮ್ಮ ರಾಗದಲ್ಲಿ ಒಮ್ಮೆ ಹೇಳಿಯೂ ನೋಡಿದರು. "ಅರ್ಥ ಎಂತ?"

"ಒಂದು ರೋಗ."

"ಎಲ್ಲಿಗೆ ಬರುವುದು?"

"ತಲೆಗೆ."

"ಹಾಗಾದ್ರೆ ನಮ್ಮ ಹೆಡ್‌ಮಾಸ್ಟ್ರಿಗೆ ಅದೇ ಮಾರಾಯ!"

ಇಬ್ಬರೂ ನಕ್ಕೆವು. ಆಗ ನಾನು ಬರೆಯುತ್ತಿದ್ದ ಡೈರಿಯಲ್ಲಿ ಅಂದು ಇರುವುದು "ಅಪ್ಪನಿಗೆ ಖುಷಿಯಾಯಿತು" ಎಂದಷ್ಟೇ. ಸುಳ್ಳಿನ ಬಗ್ಗೆ ಒಂದಕ್ಷರವಿಲ್ಲ. ಹಾಗಾಗಿ ನನ್ನ ಡೈರಿಯನ್ನೂ ನಾನು ಪೂರ್ತಿ ನಂಬುವುದಿಲ್ಲ.

ಮುಂದಿನ ಭಾನುವಾರ ಜಗಲಿಯಲ್ಲಿ ನೆರೆಮನೆಯ ಅಜ್ಜಿ ಕಂಬಕ್ಕೊರಗಿ ಕೂತಿದ್ದಳು. ಅಪ್ಪ ಎದ್ದು ಬಂದರು. "ಇವಳಿಗೆ ಎರಡು ದಿನದಿಂದ ತಲೆ ತಿರುಗುವುದು. ನೀನು ಹೇಳಿದ ರೋಗವೇ ಇರಬಹುದು, ನೀನೇ ನೋಡಲಿ ಅಂತ ಡಾಕ್ಟ್ರಲ್ಲಿಗೆ ಹೋಗದ ಹಾಗೆ ನಾನೇ ನಿಲ್ಲಿಸಿದ್ದೇನೆ. ನೋಡು."

"ಚಡ್ಡಿ ಇಲ್ಲದೆ ಓಡುತ್ತಿದ್ದವ, ಈಗ ಡಾಕ್ಟ್ರು!" ಎನ್ನುತ್ತ ಅಜ್ಜಿ ಕೈ ಚಾಚಿದಳು.

ನಾಡಿ ಹಿಡಿದೆ. ಕೈ ತಣ್ಣಗಿತ್ತು. ಎಣಿಸುವವನಂತೆ ಎಷ್ಟು ಹೊತ್ತು ಕೂತೆನೋ. ನನ್ನಿಂದಾಗಿ ಅವಳು ಎರಡು ದಿನ ಡಾಕ್ಟರ ಬಳಿ ಹೋಗದೆ ಉಳಿದಿದ್ದಳು.

"ಅಪ್ಪ, ನನಗೆ ಗೊತ್ತಿಲ್ಲ. ನಾನು ಕಾಲೇಜು ಬಿಟ್ಟು ನಾಲ್ಕು ತಿಂಗಳಾಯಿತು. ಇವರನ್ನು ಈಗಲೇ ಡಾಕ್ಟರಿಗೆ ತೋರಿಸಬೇಕು."

ನಾನಾಗಿಯೇ ಹೇಳಿದೆನೆಂದು ನನ್ನ ನೆನಪು. ಅಜ್ಜಿಯೇ "ಎಂತ, ಹೇಳುವುದಿಲ್ವಾ?" ಎಂದು ಕೇಳಿದ ಮೇಲೆ ಹೇಳಿದ್ದೂ ಇರಬಹುದು. ಆ ದಿನದ ಪುಟ ಖಾಲಿ.

ಅಪ್ಪ ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. "ಏಳು, ಉಡುಪಿಗೆ ಹೋಗುವ. ನಾನು ಬರ್ತೇನೆ," ಎಂದು ಅಜ್ಜಿಯ ರಟ್ಟೆ ಹಿಡಿದು ಎಬ್ಬಿಸಿದರು. ಇನ್ನೊಂದು ರಟ್ಟೆ ಹಿಡಿಯಲು ನಾನು ಮುಂದೆ ಬಂದೆ.

"ಬೇಡ," ಎಂದರು.

ಇಬ್ಬರೂ ಗೇಟು ದಾಟಿ ಹೆದ್ದಾರಿಯ ಕಡೆ ನಿಧಾನವಾಗಿ ನಡೆದರು. ಮಧ್ಯೆ ಒಮ್ಮೆ ಅಜ್ಜಿ ನಿಂತಳು, ಅಪ್ಪನೂ ನಿಂತರು. ನಾನು ಜಗಲಿಯಲ್ಲೇ ಇದ್ದೆ.