ಕ್ರೇನಿನ ಮೇಲೆ ಒಂದು ಡಬ್ಬಿ ಕಡಲೆ

ಕಟ್ಟಡದ ಕೆಲಸದವರೆಲ್ಲ ಅವಳನ್ನು ಆಕಾಶಮ್ಮ ಎಂದೇ ಕರೆಯುತ್ತಿದ್ದರು. ಹದಿನೆಂಟು ಮಹಡಿ ಎತ್ತರದ ಕ್ರೇನಿನ ಗೂಡಿನಲ್ಲಿ ಕೂತು ಕಬ್ಬಿಣ ಎತ್ತಿ ಇಳಿಸುವವಳಿಗೆ ಮತ್ತೇನು ಹೆಸರಿಡುತ್ತಾರೆ! ಬೆಳಿಗ್ಗೆ ಏಣಿ ಹತ್ತಿದರೆ ಊಟದ ಹೊತ್ತಿಗೇ ಇಳಿಯುವುದು. ನಡುವೆ ಏನು ಬೇಕಾದರೂ ಹಗ್ಗಕ್ಕೆ ಕಟ್ಟಿದ ಚೀಲದಲ್ಲಿ ಮೇಲೆ ಬರಬೇಕು.

ಅವಳಿಗೆ ಸಕ್ಕರೆ ಕಾಯಿಲೆ ಇರುವುದು, ದಿನವೂ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುವುದು ಅಕ್ಕನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕ್ರೇನಿನಿಂದ ಇಳಿಸಿಬಿಡುತ್ತಾರೆಂಬ ಭಯ ಹಗಲಿರುಳೂ ಕೊರೆಯುತ್ತಿತ್ತು.

"ಬಿಸ್ಕತ್ತು ಮುಟ್ಟಬೇಡ ಕಣೇ," ಡಬ್ಬಿ ತುಂಬುವಾಗ ಅಕ್ಕ ದಿನವೂ ಗದರುತ್ತಿದ್ದಳು. "ತಿಂದ ಕೂಡಲೇ ಸಕ್ಕರೆ ಏರತ್ತೆ, ಅಷ್ಟೇ ಬೇಗ ಇಳಿಯತ್ತೆ. ಬೇಯಿಸಿದ ಕಡಲೆ ತಿನ್ನು. ನಿಧಾನಕ್ಕೆ ಅರಗತ್ತೆ, ಮಧ್ಯಾಹ್ನದವರೆಗೂ ಕೈಬಿಡಲ್ಲ."

ಮಾತು ನಿಜವೇ. ಹತ್ತು ಗಂಟೆಗೆ ಒಂದು ಹಿಡಿ ಕಡಲೆ, ಅರ್ಧ ಸೇಬು ತಿನ್ನತೊಡಗಿದ ಮೇಲೆ ಮೂರು ತಿಂಗಳು ಕೈ ನಡುಗಿರಲಿಲ್ಲ. ಆ ಧೈರ್ಯದಲ್ಲಿ, ಕಣ್ಣೆದುರಿದ್ದರೆ ತಾನೇ ಆಸೆ ಎಂದು, ಆಪತ್ತಿಗೆ ಗೂಡಿನಲ್ಲಿಟ್ಟಿದ್ದ ಪೆಪ್ಪರಮೆಂಟಿನ ಪೊಟ್ಟಣವನ್ನೂ ಕೆಳಗೆ ಕಳಿಸಿಬಿಟ್ಟಿದ್ದಳು, ಮಹಾ ಜಾಣೆ!

ಅಂದು ಮಾತ್ರ ಬೆಳಿಗ್ಗೆಯಿಂದ ಲಾರಿ ಮೇಲೆ ಲಾರಿ ಬಂತು. ಕಡಲೆ ಡಬ್ಬಿ ಕಾಲ ಬಳಿಯೇ ಇತ್ತು, ಕೈಗೆ ಬಿಡುವಿರಬೇಕಲ್ಲ! ಒಂದು ಗಂಟೆಯ ಹೊತ್ತಿಗೆ ಕತ್ತಿನ ಹಿಂದೆ ತಣ್ಣನೆ ಬೆವರೊಡೆಯಿತು. ಕಬ್ಬಿಣದ ತೊಲೆ ಇನ್ನೂ ಗಾಳಿಯಲ್ಲಿತ್ತು. ಕೆಳಗೆ, ವಾಕಿಟಾಕಿ ಹಿಡಿದು ದಾರಿ ಹೇಳುವ, ಎಲ್ಲರೂ ತಾತ ಎನ್ನುವ ಮುದುಕ ನಿಂತಿದ್ದ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ತೊಲೆಯನ್ನು ಹೇಗೋ ನೆಲ ಮುಟ್ಟಿಸಿದಳು. ಗಬಗಬನೆ ಕಡಲೆ ಮುಕ್ಕಿದಳು. ಬೆವರು ನಿಲ್ಲಲಿಲ್ಲ. ನಿಧಾನಕ್ಕೆ ಅರಗುವ ಕಾಳು ಈಗಿಂದೀಗಲೇ ಹೇಗೆ ಕಾಪಾಡೀತು?

"ಇನ್ನೊಂದಿದೆ, ಎತ್ತು ಮಗಳೇ," ಎಂದ ತಾತ.

ಬಗ್ಗಿ ನೋಡಿದಳು. ಒಬ್ಬ ತಾತ ಇಬ್ಬರಾಗಿ ಕಾಣುತ್ತಿದ್ದ. ಅಯ್ಯೋ, ಕೈ ತಪ್ಪಿದರೆ? ಹೇಳಿದರೆ ಕೆಲಸ ಹೋಗುತ್ತದೆ, ಎತ್ತಿದರೆ ತಾತನೇ ಹೋದಾನು. ವಾಕಿಟಾಕಿ ಬಾಯಿಗೆ ಹಿಡಿದಳು.

"ತಾತಾ, ಎತ್ತಲ್ಲ. ನಂಗೆ ಶುಗರ್ ಇದೆ. ತುಂಬಾ ಇಳಿದುಹೋಗಿದೆ. ಏನಾದ್ರೂ ಸಿಹಿ ಕಳಿಸಿ, ಬೇಗ."

ಆ ಮಾತು ಇಂಜಿನಿಯರಿನ ಕೋಣೆಯಲ್ಲೂ ಕೇಳಿಸಿತು. ಚೀಲ ಮೇಲೆ ಬಂತು. ಒಳಗಿದ್ದದ್ದು ಅದೇ ಪೆಪ್ಪರಮೆಂಟಿನ ಪೊಟ್ಟಣ. ಮೊಮ್ಮಗಳಿಗೆಂದು ಎತ್ತಿಟ್ಟುಕೊಂಡ ತಾತ ಅದನ್ನು ಜೇಬಿನಲ್ಲೇ ಮರೆತಿದ್ದ.

ಐದಾರು ಪೆಪ್ಪರಮೆಂಟು ಕಡಿದು ನುಂಗಿದಳು. ಕಾಲು ಗಂಟೆಯಲ್ಲಿ ತಾತ ಮತ್ತೆ ಒಬ್ಬನಾದ. ಇನ್ನೂ ಸ್ವಲ್ಪ ಹೊತ್ತು ಕೂತು, ಕೈಕಾಲು ಗಟ್ಟಿಯಾಗಿವೆ ಎಂದು ಖಾತ್ರಿಯಾದ ಮೇಲೆ ಏಣಿ ಇಳಿದಳು.

ಬೈಯುತ್ತಾನೆ ಅಂದುಕೊಂಡಿದ್ದಳು. ತಾತ ಬೈಯಲಿಲ್ಲ.

"ಇಷ್ಟು ದಿನ ನಿನ್ನ ಕೊಕ್ಕೆ ಕೆಳಗೇ ನಿಂತಿದ್ದೆನಲ್ಲ ಮಗಳೇ," ಎಂದ. "ನಂಗಾದ್ರೂ ಹೇಳಬಾರದಿತ್ತಾ?"

ಅವಳಿಗೆ ಅಳು ಒತ್ತರಿಸಿ ಬಂತು. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು, ಯಾರೂ ಕರೆಯುವ ಮೊದಲೇ ಇಂಜಿನಿಯರಿನ ಕೋಣೆಯ ಕಡೆ ನಡೆದಳು.